ಮೈ ನಮ್ಮದು, ಕಡತ ಅವರದು: ಭೋಪಾಲದ ಅಳತೆಯ ಚರಿತ್ರೆ

ಜೀತದ ಲೆಕ್ಕ ಬರೆದ ಪುಸ್ತಕ ಯಾವತ್ತೂ ಜೀತದಾಳಿನ ಗುಡಿಸಲಲ್ಲಿ ಇರಲಿಲ್ಲ. ಅದು ಒಡೆಯನ ಪೆಟ್ಟಿಗೆಯಲ್ಲಿತ್ತು. ಅಪ್ಪ ಎಷ್ಟು ಸಾಲ ತಂದ, ಮಗ ಎಷ್ಟು ವರ್ಷ ದುಡಿದ, ಬಡ್ಡಿ ಎಷ್ಟು ಬೆಳೀತು, ಎಲ್ಲಾ ಅದರೊಳಗೆ. ಹೆಬ್ಬೆಟ್ಟು ಒತ್ತಿದವನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಓದಿ ಹೇಳಿ ಸ್ವಾಮಿ ಅಂತ ಕೇಳುವ ಧೈರ್ಯವೂ ಇರಲಿಲ್ಲ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ ಬಂತು. ಆದರೆ ಹೆಬ್ಬೆಟ್ಟನ್ನು ನಮ್ಮಿಂದ ಪಡೆದು ಪುಸ್ತಕವನ್ನು ತಾವೇ ಇಟ್ಟುಕೊಳ್ಳುವ ಪದ್ಧತಿ ಯಾವ ಕಾಯಿದೆಯಿಂದಲೂ ರದ್ದಾಗಲಿಲ್ಲ. ಅದು ಕಛೇರಿಗಳಿಗೆ, ಆಸ್ಪತ್ರೆಗಳಿಗೆ ಹೋಗಿ ಕೂತಿತು. ಬಡವನ ಮೈಗೆ ಎಷ್ಟು ಊನವಾಗಿದೆ, ಆ ಊನಕ್ಕೆ ಎಷ್ಟು ದುಡ್ಡು ಅಂತ ಅಳೆಯುವ ಕಡೆ ಅದು ನಿಚ್ಚಳವಾಗಿ ಕಾಣುತ್ತದೆ. ಈ ಅಳತೆಯ ಚರಿತ್ರೆಯನ್ನು ಓದಬೇಕಾದ ಊರು ಭೋಪಾಲ. ಆದರೆ ಅದಕ್ಕೂ ಮೊದಲು ಅರವತ್ತು ವರ್ಷ ಹಿಂದಕ್ಕೆ ಹೋಗೋಣ.

1923ರಲ್ಲಿ ಬ್ರಿಟಿಷ್ ಸರಕಾರ ಈ ದೇಶಕ್ಕೆ ಎರಡು ಕಾಯಿದೆ ಕೊಟ್ಟಿತು. ಒಂದು ಕಾರ್ಮಿಕರ ಪರಿಹಾರ ಕಾಯಿದೆ. ಗಣಿ, ಕಾರ್ಖಾನೆ, ರೈಲ್ವೆಯಂಥ ಕಡೆ ದುಡಿಯುವಾಗ ಕೈಕಾಲು ಕಳೆದುಕೊಂಡರೆ ಪರಿಹಾರ. ಅದರ ಹಿಂದೆ ಒಂದು ಪಟ್ಟಿ: ತೋಳಿಗೆ ಇಷ್ಟು, ಕಾಲಿಗೆ ಇಷ್ಟು, ಕಣ್ಣಿಗೆ ಇಷ್ಟು ಅಂತ ಶೇಕಡಾವಾರು ಲೆಕ್ಕ. ಆಮೇಲೆ ತಿದ್ದಿದ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇಕಡಾ 30 ಅಂತ ಇತ್ತು. ಏಕಲವ್ಯನ ಹೆಬ್ಬೆರಳನ್ನು ದ್ರೋಣ ಪುಕ್ಕಟೆ ತಗೊಂಡ. ಬ್ರಿಟಿಷರ ಕಾಯಿದೆ ಅದಕ್ಕೊಂದು ದರ ಬರೆಯಿತು. ಹೊಲದ ಕೂಲಿಗೆ, ಜೀತದಾಳಿಗೆ ಆ ದರವೂ ಸಿಗಲಿಲ್ಲ, ಅವರು ಕಾಯಿದೆಯ ಆಚೆ ಇದ್ದರು. ಆದರೂ ಒಂದು ಮಾತು ಒಪ್ಪಬೇಕು. ಆ ಪಟ್ಟಿ ಅಚ್ಚಾಗಿತ್ತು. ಓದು ಬಲ್ಲ ಒಬ್ಬ ಕಾರ್ಮಿಕ ಇನ್ನೊಬ್ಬನಿಗೆ ಅದನ್ನು ಓದಿ ಹೇಳಬಹುದಿತ್ತು. ಅದೇ ವರ್ಷ ಬಂದ ಇನ್ನೊಂದು ಕಾಯಿದೆ ಸರಕಾರಿ ರಹಸ್ಯಗಳ ಕಾಯಿದೆ. ಸರಕಾರದ ಕಾಗದ ಸರಕಾರದ್ದು, ಪ್ರಜೆಗೆ ಅದರಲ್ಲಿ ಏನು ಕೆಲಸ ಅನ್ನುವ ಮನೋಭಾವ ಅದರ ನೆರಳಲ್ಲಿ ಬೆಳೆಯಿತು. ಸ್ವಾತಂತ್ರ್ಯ ಬಂದಾಗ ಎರಡೂ ನಮ್ಮ ಪಾಲಿಗೆ ಬಂದವು. ಬಡವನ ಮೈ ಅಳೆಯುವಾಗ ಅಧಿಕಾರಿಗಳು ಮೊದಲನೆಯದರಿಂದ ಶೇಕಡಾವಾರನ್ನು ತಗೊಂಡರು, ಎರಡನೆಯದರಿಂದ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತರು.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸೈನೇಟ್ ಹೊರಬಿತ್ತು. ಕಾರ್ಖಾನೆಯ ಗೋಡೆಗೆ ಎದುರಾಗಿದ್ದದ್ದು ಜಯಪ್ರಕಾಶ ನಗರ, ಕಾಜಿ ಕ್ಯಾಂಪಿನಂಥ ಬಡವರ ಬಸ್ತಿಗಳು. ಕೂಲಿಗಳು, ಬೀಡಿ ಕಟ್ಟುವ ಹೆಂಗಸರು, ಗಾಡಿ ಎಳೆಯುವವರು, ಮುಸಲ್ಮಾನರು, ಕೆಳಜಾತಿಯವರು. ವಿಷ ಮೊದಲು ನುಗ್ಗಿದ್ದು ಇವರ ಎದೆಗೆ. ಸಾವಿರಾರು ಜನ ಸತ್ತರು. ಸತ್ತವರ ಕಥೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಬದುಕಿ ಉಳಿದ ಲಕ್ಷಾಂತರ ಜನರನ್ನು ಹ್ಯಾಗೆ ಅಳೆದರು ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

1985ರ ಮಾರ್ಚಿನಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿ ಭೋಪಾಲದ ಎಲ್ಲ ಸಂತ್ರಸ್ತರ ಪರವಾಗಿ ದಾವೆ ಹೂಡುವ, ರಾಜಿ ಮಾಡಿಕೊಳ್ಳುವ ಹಕ್ಕನ್ನು ಕೇಂದ್ರ ಸರಕಾರ ಒಂದಕ್ಕೇ ಕೊಟ್ಟಿತು. ನಿಮ್ಮ ಪರವಾಗಿ ನಾವೇ ಮಾತಾಡ್ತೀವಿ, ನೀವು ಸುಮ್ಮನಿರಿ ಅಂದ ಹಾಗಾಯಿತು. ಆ ಕಾರ್ಖಾನೆ ನಡೆಸುತ್ತಿದ್ದ ಕಂಪನಿಯಲ್ಲಿ ನಮ್ಮ ಸರಕಾರಿ ಹಣಕಾಸು ಸಂಸ್ಥೆಗಳ ಷೇರೂ ಇತ್ತು ಅನ್ನುವುದನ್ನು ಇಲ್ಲಿ ಮರೆಯಬಾರದು.

ಪರಿಹಾರ ಬೇಕಾದರೆ ರೋಗ ಸಾಬೀತಾಗಬೇಕು. ರೋಗ ಸಾಬೀತಾಗಲು ಕಾಗದ ಬೇಕು. ಆ ಕಾಗದಗಳ ಗತಿ ಏನಾಯಿತು ನೋಡಿ. ಮೈಯೊಳಗೆ ಸೈನೈಡ್ ಸೇರಿದೆಯೋ ಇಲ್ಲವೋ ಅನ್ನುವ ಜಗಳ ಮೊದಲ ವಾರಗಳಲ್ಲೇ ಎದ್ದಿತು. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಕೊಟ್ಟರೆ ವಿಷ ಮೂತ್ರದಲ್ಲಿ ಹೊರಬೀಳುತ್ತದೆ, ಆ ಮೂತ್ರವನ್ನು ಪರೀಕ್ಷೆ ಮಾಡಿದರೆ ಸಾಕ್ಷಿ ಸಿಗುತ್ತದೆ. ಅಂದರೆ ಅಲ್ಲಿ ಔಷಧಿಯೇ ಸಾಕ್ಷಿ. ಸಂತ್ರಸ್ತರೂ ಅವರ ಪರ ನಿಂತ ವೈದ್ಯರೂ ಸೇರಿ 1985ರ ಜೂನ್‌ನಲ್ಲಿ ಜನ ಸ್ವಾಸ್ಥ್ಯ ಕೇಂದ್ರ ತೆರೆದು ಈ ಚುಚ್ಚುಮದ್ದು ಕೊಡಲು, ದಾಖಲೆ ಇಡಲು ಶುರು ಮಾಡಿದರು. ಅದೇ ತಿಂಗಳು ಪೊಲೀಸರು ಬಂದು ವೈದ್ಯರನ್ನೂ ಕಾರ್ಯಕರ್ತರನ್ನೂ ಹಿಡಿದುಕೊಂಡು ಹೋದರು, ದಾಖಲೆಗಳನ್ನು ವಶಪಡಿಸಿಕೊಂಡರು. ಜನ ತಮ್ಮ ಮೈಯ ಲೆಕ್ಕವನ್ನು ತಾವೇ ಬರೆದಿಟ್ಟುಕೊಳ್ಳಲು ಹೊರಟ ಮೊದಲ ಪ್ರಯತ್ನಕ್ಕೆ ಸಿಕ್ಕ ಉತ್ತರ ಇದು.

ಇತ್ತ ಕಂಪನಿ ಆ ಅನಿಲದ ಬಗ್ಗೆ ತನಗೆ ತಿಳಿದದ್ದನ್ನು ಪೂರ್ತಿ ಹೊರಗಿಡಲಿಲ್ಲ. ಅತ್ತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1985ರಿಂದ 1994ರವರೆಗೆ ಭೋಪಾಲದ ಜನರ ಮೇಲೆ ನಡೆಸಿದ ದೀರ್ಘ ಅಧ್ಯಯನದ ವರದಿ ಅಚ್ಚಾಗಿ ಬಂದದ್ದು 2004ರಲ್ಲಿ. ಪರಿಹಾರ ನಿರ್ಧಾರವಾಗುತ್ತಿದ್ದ ವರ್ಷಗಳಲ್ಲೆಲ್ಲ ಆ ಜ್ಞಾನ ಬೀರುವಿನಲ್ಲಿತ್ತು. ರಕ್ತ, ಮೂತ್ರ, ಉಸಿರು ಎಲ್ಲವನ್ನೂ ಕೊಟ್ಟವರು ಬಸ್ತಿಯ ಜನ. ಅದರಿಂದ ಬಂದ ತಿಳಿವಳಿಕೆ ಮಾತ್ರ ಅವರಿಗೆ ಬೇಕಾದಾಗ ಸಿಗಲಿಲ್ಲ.

ಈಗ ಅಳತೆಯ ವಿಷಯಕ್ಕೆ ಬರೋಣ. ಮಧ್ಯಪ್ರದೇಶ ಸರಕಾರ ಪರಿಹಾರ ಅರ್ಜಿಗಳಿಗಾಗಿ ಒಂದು ನಿರ್ದೇಶನಾಲಯವನ್ನೇ ತೆರೆಯಿತು. ಅರ್ಜಿ ಹಾಕಿದವರನ್ನು ಕರೆಸಿ ಪರೀಕ್ಷೆ ಮಾಡಿ ಒಬ್ಬೊಬ್ಬರಿಗೆ ಒಂದೊಂದು ವೈದ್ಯಕೀಯ ಕಡತ ತಯಾರಿಸಿದರು. ಆಮೇಲೆ ಕಡತದಲ್ಲಿ ಇದ್ದದ್ದಕ್ಕೆ ಅಂಕ ಹಾಕಿ, ಅಂಕ ನೋಡಿ ವರ್ಗ ಮಾಡಿದರು. ಸುಪ್ರೀಂ ಕೋರ್ಟಿನ 1991ರ ತೀರ್ಪಿನಲ್ಲಿ ಆ ಲೆಕ್ಕ ಹೀಗಿದೆ. ವರ್ಗ ಮಾಡಿದ ಕಡತಗಳು 3,58,712. ಅದರಲ್ಲಿ ಯಾವ ಹಾನಿಯೂ ಇಲ್ಲದವರು 1,55,203. ತಾತ್ಕಾಲಿಕ ಹಾನಿಯಾದವರು 1,73,382. ಶಾಶ್ವತ ಹಾನಿಯಾದವರು 18,922. ತಾತ್ಕಾಲಿಕ ಹಾನಿಯಿಂದ ತಾತ್ಕಾಲಿಕ ಅಂಗವೈಕಲ್ಯ 7,172 ಜನರಿಗೆ, ಶಾಶ್ವತ ಹಾನಿಯಿಂದ ತಾತ್ಕಾಲಿಕ ಅಂಗವೈಕಲ್ಯ 1,313 ಜನರಿಗೆ. ಶಾಶ್ವತ ಭಾಗಶಃ ಅಂಗವೈಕಲ್ಯ 2,680 ಜನರಿಗೆ. ಶಾಶ್ವತ ಪೂರ್ಣ ಅಂಗವೈಕಲ್ಯ 40 ಜನರಿಗೆ.

ಮತ್ತೊಮ್ಮೆ ಓದಿ: ನಲವತ್ತು ಜನ. ಜಗತ್ತಿನ ಅತಿ ದೊಡ್ಡ ಕೈಗಾರಿಕಾ ದುರಂತದಲ್ಲಿ, ಮೂರೂವರೆ ಲಕ್ಷ ಕಡತಗಳಲ್ಲಿ, ಪೂರ್ಣವಾಗಿ ಅಶಕ್ತರಾದವರು ಒಂದು ಬಸ್ಸಿನಲ್ಲಿ ಕೂರುವಷ್ಟು ಜನ! ನೂರಕ್ಕೆ 43 ಜನರಿಗೆ ಏನೂ ಆಗೇ ಇಲ್ಲವಂತೆ.

ಈ ನಲವತ್ತು ಎಲ್ಲಿಂದ ಬಂತು? ಅದಕ್ಕೆ ಕಾರಣ ಅಳತೆಗೋಲಿನಲ್ಲೇ ಇದೆ. ಮೊದಲ ದಿನಗಳ ಆಸ್ಪತ್ರೆ ಚೀಟಿ ಇದ್ದವರ ಮಾತಿಗೆ ತೂಕ ಬಂತು, ಇಲ್ಲದವರ ಮಾತು ಬರೀ ಮಾತಾಯಿತು. ಹೆಣಗಳ ನಡುವೆ ಓಡಿದ ರಾತ್ರಿ ಚೀಟಿ ಜೋಪಾನ ಮಾಡಿದವರು ಎಷ್ಟು ಜನ ಇದ್ದಾರು? ಇನ್ನು ಹೆಂಗಸರ ನೋವು. 1985ರಲ್ಲೇ ಡಾ. ರಾಣಿ ಬಂಗ್ ಮತ್ತು ಡಾ. ಮೀರಾ ಸದ್ಗೋಪಾಲ್ ಅನಿಲ ಕುಡಿದ ಹೆಂಗಸರಲ್ಲಿ ಗರ್ಭಕೋಶದ, ಮುಟ್ಟಿನ ತೊಂದರೆಗಳು ಹರಡಿರುವುದನ್ನು ಪರೀಕ್ಷೆ ಮಾಡಿ ಬರೆದರು. ಕಣ್ಣು ಮತ್ತು ಶ್ವಾಸಕೋಶವನ್ನೇ ಮುಖ್ಯವಾಗಿ ನೋಡುತ್ತಿದ್ದ ವ್ಯವಸ್ಥೆಗೆ ಅದು ಬೇಕಾಗಿರಲಿಲ್ಲ. ದಿನಕ್ಕೆ ಎಂಟು ತಾಸು ಮೂಟೆ ಹೊರುತ್ತಿದ್ದವನು ಈಗ ಹತ್ತು ಹೆಜ್ಜೆಗೆ ಏದುಸಿರು ಬಿಟ್ಟು ಕೂರುತ್ತಾನೆ ಅಂದರೆ ಅವನ ಕೂಲಿ ಹೋಯಿತು, ಬದುಕು ಹೋಯಿತು. ವೈದ್ಯನ ಕಡತಕ್ಕೆ ಕೂಲಿ ಎಂದರೇನು ಅಂತ ಗೊತ್ತಿಲ್ಲ. ಎಲ್ಲಕ್ಕಿಂತ ದೊಡ್ಡದು ಇದು: ತನಗೆ ಯಾವ ಅಂಕ ಯಾಕೆ ಬಂತು ಅಂತ ತಿಳಿಯದವನು ಅದನ್ನು ಪ್ರಶ್ನೆ ಮಾಡುವುದು ಹ್ಯಾಗೆ? ಬದುಕುಳಿದವರ ಸಂಘಟನೆಗಳು ವರ್ಷಗಟ್ಟಲೆ ಹೇಳುತ್ತಾ ಬಂದ ದೂರು ಇದೇ. ನಮ್ಮ ಕಡತ ನಮಗೆ ಕೊಡಿ.

ಗುಟ್ಟಿನ ಬೆಲೆ ಎಷ್ಟು ಅಂತ ಲೆಕ್ಕ ಹಾಕಬಹುದು. 1989ರ ಫೆಬ್ರವರಿ 14ರಂದು, ವಿಂಗಡಣೆ ಇನ್ನೂ ಮುಗಿಯುವ ಮೊದಲೇ, ಸರಕಾರ ಮತ್ತು ಕಂಪನಿ 47 ಕೋಟಿ ಡಾಲರಿಗೆ ರಾಜಿಯಾದವು. ಅಂದಿನ ಲೆಕ್ಕದಲ್ಲಿ ಸುಮಾರು 715 ಕೋಟಿ ರೂಪಾಯಿ. ಮೇ ತಿಂಗಳಲ್ಲಿ ಕೋರ್ಟು ಈ ಮೊತ್ತಕ್ಕೆ ಕಾರಣ ಕೊಡುವಾಗ ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದವರು, ಪೂರ್ಣ ಮತ್ತು ಭಾಗಶಃ ಸೇರಿ, 30,000 ಅಂತ ಅಂದಾಜು ಹಿಡಿಯಿತು. ಕಡತಗಳ ಲೆಕ್ಕದಲ್ಲಿ ಅವರು 2,720 ಮಾತ್ರ. ಅಂದಾಜಿಗಿಂತ ಸಂತ್ರಸ್ತರು ಕಡಿಮೆ ಇದ್ದಾರೆ ಅಂತ ತೋರಿಸಲು ಈ ಕಡತಗಳು ಒದಗಿದವು. ವಿಂಗಡಣೆಯೇ ಸರಿಯಿಲ್ಲ ಅಂತ ಸಂತ್ರಸ್ತರ ಪರವಾಗಿ ವಾದ ನಡೆಯಿತು. 1991ರ ಅಕ್ಟೋಬರ್ 3ರ ತೀರ್ಪು ಕಂಪನಿಯ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನು ಮತ್ತೆ ಜೀವಂತಗೊಳಿಸಿತು, ಆದರೆ ರಾಜಿ ಮೊತ್ತವನ್ನು ಎತ್ತಿಹಿಡಿಯಿತು. ಕೊನೆಗೆ ಪರಿಹಾರ ಪಡೆದವರು 5 ಲಕ್ಷ 70 ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನರಿಗೆ ಸಿಕ್ಕಿದ್ದು 25,000 ರೂಪಾಯಿ. 2004ರಲ್ಲಿ ಕೋರ್ಟಿನ ಆದೇಶದಂತೆ ಉಳಿದ ಹಣ ಹಂಚಿದಾಗ ಇನ್ನೊಂದು ಅಷ್ಟು. ಕ್ಯಾನ್ಸರ್ ಆದವರೂ ಕಿಡ್ನಿ ಕೆಟ್ಟವರೂ 'ತಾತ್ಕಾಲಿಕ ಹಾನಿ' ಪಟ್ಟಿಯಲ್ಲೇ ಸಿಕ್ಕಿಕೊಂಡಿದ್ದಾರೆ ಅಂತ ಸಂಘಟನೆಗಳು ಹೇಳುತ್ತಲೇ ಇವೆ. ಪರಿಹಾರ ಹೆಚ್ಚಿಸಿ ಅಂತ 2010ರಲ್ಲಿ ಕೇಂದ್ರ ಸರಕಾರ ಹಾಕಿದ ಅರ್ಜಿಯನ್ನು 2023ರ ಮಾರ್ಚ್ 14ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಮೂವತ್ತು ವರ್ಷದ ಹಿಂದೆ ಮುಚ್ಚಿದ ಕಡತದೊಳಗೆ ಬರೆದ ಒಂದು ಪದ ಇವತ್ತಿಗೂ ಆ ಮನೆಗಳನ್ನು ಆಳುತ್ತಿದೆ.

ಆದರೆ ಭೋಪಾಲದ ಚರಿತ್ರೆ ಬರೀ ಸೋಲಿನ ಚರಿತ್ರೆ ಅಂತ ನಾವು ಒಪ್ಪುವುದಿಲ್ಲ. ಭೋಪಾಲ್ ಗ್ಯಾಸ್ ಪೀಡಿತ್ ಮಹಿಳಾ ಉದ್ಯೋಗ ಸಂಘಟನೆಯ ಸಾವಿರಾರು ಹೆಂಗಸರು, ಅವರ ಜೊತೆ 2019ರಲ್ಲಿ ತೀರಿಕೊಳ್ಳುವವರೆಗೂ ನಿಂತ ಅಬ್ದುಲ್ ಜಬ್ಬಾರ್, ಅನಿಲ ಪೀಡಿತ ಹೆಂಗಸರ ಕಾರ್ಮಿಕ ಸಂಘ ಕಟ್ಟಿದ ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ, ಇವರು ಬೀದಿಯಲ್ಲೂ ಕೋರ್ಟಿನಲ್ಲೂ ಬಿಡದೆ ಹೊಡೆದಾಡಿದರು. ಒಬ್ಬಾಕೆ ಮುಸಲ್ಮಾನ ಹೆಣ್ಣು, ಇನ್ನೊಬ್ಬಾಕೆ ಹಿಂದೂ ಹೆಣ್ಣು. ವಿಷ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. ಇಂಥ ಹೋರಾಟದ ಫಲವಾಗಿ 2012ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟು ಪ್ರತಿ ಸಂತ್ರಸ್ತರಿಗೂ ಆರೋಗ್ಯ ಪುಸ್ತಕ ಮತ್ತು ಕಾರ್ಡು ಕೊಡಬೇಕು, ಅವರ ವೈದ್ಯಕೀಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು ಅಂತ ಆದೇಶ ಕೊಟ್ಟಿತು. ನನ್ನ ರೋಗದ ಪುಸ್ತಕ ನನ್ನ ಕೈಲಿರಲಿ ಅನ್ನುವ ಸರಳ ಬೇಡಿಕೆ ಕೋರ್ಟಿನ ಬಾಯಲ್ಲಿ ಬರಲು ಇಪ್ಪತ್ತೇಳು ವರ್ಷ ಬೇಕಾಯಿತು.

ಈ ಚರಿತ್ರೆ ನಮಗೆ ಯಾಕೆ? ಯಾಕಂದ್ರೆ ಶೇಕಡಾವಾರಿನ ಅಳತೆ ಈಗ ನಮ್ಮ ಪ್ರತಿ ತಾಲ್ಲೂಕಿನಲ್ಲೂ ನಡೀತಾ ಇದೆ. 1995ರ ಅಂಗವಿಕಲರ ಕಾಯಿದೆ ಶೇಕಡಾ 40 ಅನ್ನುವ ಗೆರೆ ಎಳೆಯಿತು. 2016ರ ಕಾಯಿದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು, ಆದರೆ ಮೀಸಲಾತಿಯಂಥ ಮುಖ್ಯ ಸವಲತ್ತುಗಳಿಗೆ 40ರ ಗೆರೆಯನ್ನು ಹಾಗೇ ಉಳಿಸಿತು. ಕೇಂದ್ರ ಸರಕಾರ 2009ರಲ್ಲಿ ತಂದ ಇಂದಿರಾಗಾಂಧಿ ಅಂಗವಿಕಲ ಪಿಂಚಣಿಗೆ ಬೇಕಾದ್ದು ಶೇಕಡಾ 80. ನಮ್ಮ ರಾಜ್ಯದ ಮಾಸಾಶನದಲ್ಲಿ 75ರ ಹತ್ತಿರ ಇನ್ನೊಂದು ಗೆರೆ. ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೆ ಎಂಡೋಸಲ್ಫಾನ್ ಸುರಿದು ಊನವಾದ ಮಕ್ಕಳ ಮಾಸಾಶನವನ್ನೂ ಶೇಕಡಾವಾರೇ ತೀರ್ಮಾನಿಸುತ್ತದೆ.

ಈ ಶೇಕಡಾವಾರು ಹ್ಯಾಗೆ ಬರುತ್ತದೆ ಅಂತ ಎಷ್ಟು ಜನಕ್ಕೆ ಗೊತ್ತು? ಒಬ್ಬನಿಗೆ ಒಂದು ಊನ 25, ಇನ್ನೊಂದು ಊನ 20 ಅಂತಿಟ್ಟುಕೊಳ್ಳಿ. ಕೂಡಿದರೆ 45. ಆದರೆ 2001ರ ಮತ್ತು 2018ರ ಸರಕಾರಿ ಮಾರ್ಗಸೂಚಿಗಳು ಹಾಗೆ ಕೂಡುವುದಿಲ್ಲ. ದೊಡ್ಡ ಸಂಖ್ಯೆಯನ್ನು 90ರಿಂದ ಕಳೆಯಬೇಕು, ಬಂದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ 90ರಿಂದ ಭಾಗಿಸಬೇಕು, ಅದನ್ನು ದೊಡ್ಡ ಸಂಖ್ಯೆಗೆ ಸೇರಿಸಬೇಕು. ಆಗ ಬರುವುದು 39.4. ಗೆರೆಯಿಂದ ಕೂದಲೆಳೆಯಷ್ಟು ಕೆಳಗೆ! ಈ ಲೆಕ್ಕ ಸರಿಯೋ ತಪ್ಪೋ, ವೈದ್ಯರು ವಾದಿಸಲಿ. ಆದರೆ ಬಾಗಿಲ ಹೊರಗೆ ಕೂತ ತಾಯಿಗೆ ಈ ಲೆಕ್ಕ ಇದೆ ಅಂತಲೇ ಯಾರೂ ಹೇಳದಿದ್ದರೆ ಅದು ಲೆಕ್ಕವಲ್ಲ, ಹಣೆಬರಹ. ನಮ್ಮ ಜನಕ್ಕೆ ಹಣೆಬರಹದ ಹೆಸರಲ್ಲಿ ಮೋಸ ಮಾಡಿದವರು ಹಿಂದೆಯೂ ಇದ್ದರು.

ಇವತ್ತು ನಮ್ಮ ಕೈಲಿ ಕೆಲವು ಆಯುಧಗಳಿವೆ. ಮಾಹಿತಿ ಹಕ್ಕಿಗಾಗಿ ರಾಜಸ್ಥಾನದ ಹಳ್ಳಿಯ ಕೂಲಿಗಳು 1996ರಲ್ಲಿ ಬ್ಯಾವರ್ ಪಟ್ಟಣದ ಬೀದಿಯಲ್ಲಿ ಕೂತರು. ಕರ್ನಾಟಕದಲ್ಲಿ 2000ದಲ್ಲೇ ಒಂದು ಕಾಯಿದೆ ಆಯಿತು. 2005ರಲ್ಲಿ ಇಡೀ ದೇಶಕ್ಕೆ ಮಾಹಿತಿ ಹಕ್ಕು ಕಾಯಿದೆ ಬಂತು. ಅದರ 22ನೇ ಕಲಮು 1923ರ ಸರಕಾರಿ ರಹಸ್ಯಗಳ ಕಾಯಿದೆಯ ಹೆಸರು ಹಿಡಿದೇ ಹೇಳುತ್ತದೆ: ಎರಡರ ನಡುವೆ ತಕರಾರು ಬಂದರೆ ಮಾಹಿತಿ ಹಕ್ಕಿನದೇ ಮೇಲುಗೈ. ಅಂಗವೈಕಲ್ಯ ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು ಅಂತ 2017ರ ನಿಯಮಗಳು ಹೇಳಿದವು. ಆ ತೀರ್ಮಾನದ ಮೇಲೆ ಮೇಲ್ಮನವಿಗೆ 2016ರ ಕಾಯಿದೆಯ 59ನೇ ಕಲಮಿನಲ್ಲಿ ಅವಕಾಶವಿದೆ.

ಗೆಳೆಯರೇ, ಮೇಷ್ಟ್ರೇ, ಇದು ನಿಮ್ಮ ಕೆಲಸ. ನಿಮ್ಮ ಊರಲ್ಲಿ ಸರ್ಟಿಫಿಕೇಟು ಸಿಗದೆ ವಾಪಸು ಬಂದವರ ಮನೆಗೆ ಹೋಗಿ. ನಿರಾಕರಣೆಯ ಕಾರಣ ಬರಹದಲ್ಲಿದೆಯೇ ಕೇಳಿ. ಇಲ್ಲದಿದ್ದರೆ ಅವರ ಹೆಸರಲ್ಲೇ ಅರ್ಜಿ ಬರೆಯಿರಿ: ನನ್ನನ್ನು ಪರೀಕ್ಷಿಸಿದ ಹಾಳೆಯ ನಕಲು, ಯಾವ ಅಂಗಕ್ಕೆ ಎಷ್ಟು ಶೇಕಡಾ ಹಾಕಿದರು, ಯಾವ ಮಾರ್ಗಸೂಚಿಯ ಯಾವ ಪುಟದ ಪ್ರಕಾರ. ಹತ್ತು ರೂಪಾಯಿ ಶುಲ್ಕ; ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಂದ ಕಾಗದವನ್ನು ಅವರ ಮುಂದೆ ಜೋರಾಗಿ ಓದಿ ಹೇಳಿ, ಅರ್ಥವಾಗುವವರೆಗೆ ಹೇಳಿ. ಹತ್ತು ಊರಿನ ಕಾಗದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅಳತೆಗೋಲು ಎಲ್ಲಿ ಬಾಗಿದೆ ಅಂತ ತಾನಾಗಿ ಕಾಣುತ್ತದೆ.

ಭೋಪಾಲದ ಹೆಂಗಸರಿಗೆ 1985ರಲ್ಲಿ ಇಂಥ ಕಾಯಿದೆ ಇರಲಿಲ್ಲ. ಇದ್ದಿದ್ದರೆ, ಆ ನಲವತ್ತರ ಲೆಕ್ಕವನ್ನು ಕಡತ ಮುಚ್ಚುವ ಮುಂಚೆಯೇ ಅವರು ಬೀದಿಗೆ ಎಳೆದು ತರುತ್ತಿದ್ದರು. ನಮಗೆ ಆ ಕಾಯಿದೆ ಇದೆ. ಒಡೆಯನ ಪೆಟ್ಟಿಗೆಯ ಬೀಗದ ಕೈ ಸಿಕ್ಕಿದೆ. ಇನ್ನೂ ಬಾಗಿಲಲ್ಲೇ ನಿಂತಿರುವುದು ಯಾಕೆ?