ಗುಡ್ಡಗಾಡು ಓಟವೂ ಐದನೆಯ ಹುಡುಗನೂ

ಓಟದ ಪಂದ್ಯವೆಂದೊಡನೆ ಮೊದಲು ಗುರಿ ಮುಟ್ಟಿದವನ ಮೇಲೆಯೇ ಕಣ್ಣಿಡುವುದು ಲೋಕರೂಢಿ. ಎರಡನೆಯವನ ಹೆಸರನ್ನು ಕೇಳುವವರು ಕೆಲವರು. ಐದನೆಯವನನ್ನು ಕೇಳುವವರೇ ಇಲ್ಲ. ಈ ರೂಢಿಯನ್ನು ತಲೆಕೆಳಗು ಮಾಡಿದ ಓಟವೊಂದುಂಟು. ಅಮೆರಿಕದ ಪ್ರೌಢಶಾಲೆಗಳಲ್ಲಿ ಪ್ರತಿ ಶರತ್ಕಾಲದಲ್ಲಿಯೂ ನಡೆಯುವ ಗುಡ್ಡಗಾಡು ಓಟವೇ ಅದು. ಅಲ್ಲಿ ತಂಡದ ಸೋಲುಗೆಲವುಗಳು ಅನೇಕ ವೇಳೆ ಐದನೆಯ ಹುಡುಗನ ಕಾಲಿನ ಮೇಲೆ ನಿಂತಿರುತ್ತವೆ. ಇಂತಹ ಪದ್ಧತಿಯ ಹಿನ್ನೆಲೆಯೇನು, ಅದರಿಂದ ಯಾರಿಗೆ ಏನು ಫಲಿಸಿತು ಎಂಬುದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಈ ಓಟದ ತವರು ಇಂಗ್ಲೆಂಡು. ಇದರ ಮೂಲ ಬೇಟೆಯ ಆಟ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಶ್ರೂಸ್‌ಬರಿ ಎಂಬ ಊರಿನ ಪುರಾತನ ಶಾಲೆಯಲ್ಲಿ ಇಬ್ಬರು ಹುಡುಗರು ನರಿಗಳೆನಿಸಿಕೊಂಡು ಕಾಗದದ ಚೂರುಗಳನ್ನು ಚೆಲ್ಲುತ್ತ ಮುಂದೆ ಓಡುವರು. ಉಳಿದವರು ಬೇಟೆನಾಯಿಗಳಾಗಿ ಆ ಜಾಡನ್ನು ಹಿಡಿದು ಬೇಲಿ, ಹಳ್ಳ, ಉತ್ತ ಹೊಲಗಳನ್ನು ದಾಟಿ ಬೆನ್ನಟ್ಟುವರು. 1819ರ ವೇಳೆಗೇ ಈ ಕೂಟವಿದ್ದಿತೆನ್ನಲು ಆಧಾರವಿದೆ. 1831ರಿಂದ ಅದರ ಲಿಖಿತ ದಾಖಲೆಗಳು ಉಳಿದುಬಂದಿವೆ. ವಿಖ್ಯಾತ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1818ರಿಂದ 1825ರವರೆಗೆ ಓದಿದುದು ಇದೇ ಶಾಲೆಯಲ್ಲಿ.

ರಗ್ಬಿ ಶಾಲೆಯಲ್ಲಿ ನರಿಗಳ ಸ್ಥಾನಕ್ಕೆ ಮೊಲಗಳು ಬಂದುವು. ಅಲ್ಲಿಯ ಪ್ರಸಿದ್ಧ ಕ್ರಿಕ್ ಓಟವು 1838ರಲ್ಲಿ ಪ್ರಾರಂಭವಾಯಿತು. ಆ ಶಾಲೆಯ ಹಳೆಯ ವಿದ್ಯಾರ್ಥಿಯಾದ ಥಾಮಸ್ ಹ್ಯೂಸ್ ಎಂಬಾತನು 1857ರಲ್ಲಿ ಪ್ರಕಟಿಸಿದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಎಂಬ ಕಥೆಯಲ್ಲಿ ಇಂತಹ ಓಟದ ವರ್ಣನೆಯಿದೆ. ಮೊಲಗಳು ಬಂದ ಕಾಲು ಗಂಟೆಯೊಳಗೆ ಗುರಿ ಸೇರಿದವರಿಗೆ ಮಾತ್ರ ಲೆಕ್ಕದಲ್ಲಿ ಸ್ಥಾನ. ಮೂವರು ಚಿಕ್ಕ ಹುಡುಗರು ಹಿಂದೆ ಬಿದ್ದು, ದಾರಿ ತಪ್ಪಿ, ಕೆಸರು ಮೆತ್ತಿಕೊಂಡು, ಕತ್ತಲಾದ ಮೇಲೆ ಶಾಲೆಗೆ ಮರಳುತ್ತಾರೆ. ತಡವಾಗಿ ಬಂದ ಅಪರಾಧಕ್ಕಾಗಿ ಮುಖ್ಯೋಪಾಧ್ಯಾಯರ ಮುಂದೆ ನಿಲ್ಲಬೇಕಾಗುತ್ತದೆ. ಆದರೆ ಆತನು ದಂಡಿಸುವುದಿಲ್ಲ; ಪೆಟ್ಟೇನಾದರೂ ಆಯಿತೇ ಎಂದು ವಿಚಾರಿಸಿ ಕಳುಹಿಸುತ್ತಾನೆ. ಗೆದ್ದವರ ಹೆಸರುಗಳು ಓದುಗನಿಗೆ ಮರೆತುಹೋದರೂ ಈ ಮೂವರು ಮರೆಯುವುದಿಲ್ಲ.

ಶಾಲೆಯನ್ನು ಬಿಟ್ಟ ತರುಣರು ಈ ಆಟವನ್ನು ಬಿಡಲಿಲ್ಲ. 1868ರಲ್ಲಿ ‘ಥೇಮ್ಸ್ ಹೇರ್ ಅಂಡ್ ಹೌಂಡ್ಸ್’ ಎಂಬ ಸಂಘವು ಲಂಡನ್ನಿನ ಬಳಿ ಹುಟ್ಟಿತು. 1876ರಲ್ಲಿ ಎಪ್ಪಿಂಗ್ ಅರಣ್ಯದಲ್ಲಿ ಇಡೀ ಇಂಗ್ಲೆಂಡಿಗೆ ಸಂಬಂಧಿಸಿದ ಮೊದಲ ಪಂದ್ಯವನ್ನು ಏರ್ಪಡಿಸಲಾಯಿತು. ಆದರೆ ಓಡಿದ 32 ಮಂದಿಯೂ ದಾರಿ ತಪ್ಪಿದರು! ಪಂದ್ಯವೇ ರದ್ದಾಯಿತು, ಮರುವರ್ಷ ಮತ್ತೆ ನಡೆಸಬೇಕಾಯಿತು. ಅದೇ ದಶಕದಲ್ಲಿ ಈ ಓಟವು ಸಮುದ್ರವನ್ನು ದಾಟಿ ಅಮೆರಿಕವನ್ನು ಸೇರಿತು. ಮೊದಲು ಕಾಲೇಜುಗಳಲ್ಲಿಯೂ ಅನಂತರ ಪ್ರೌಢಶಾಲೆಗಳಲ್ಲಿಯೂ ಬೇರೂರಿತು.

ಕಾಲಕ್ರಮದಲ್ಲಿ ಕಾಗದದ ಚೂರುಗಳು ಹೋದುವು, ಬೇಟೆಯ ವೇಷವೂ ಕಳಚಿತು. ಗುಂಪು ಒಟ್ಟಾಗಿರಬೇಕೆಂಬ ಭಾವವು ಮಾತ್ರ ಎಣಿಕೆಯ ರೂಪದಲ್ಲಿ ಉಳಿಯಿತು. ಅಮೆರಿಕದ ಶಾಲೆಗಳಲ್ಲಿ ಸಾಮಾನ್ಯವಾಗಿ ಒಂದು ತಂಡಕ್ಕೆ ಏಳು ಮಂದಿ. ಮೊದಲು ಬಂದ ಐವರ ಸ್ಥಾನಗಳನ್ನು ಕೂಡಿಸಬೇಕು. ಮೊತ್ತ ಕಡಮೆಯಾದ ತಂಡಕ್ಕೆ ಜಯ. ಒಂದು ಶಾಲೆಯ ಹುಡುಗರು 1, 2, 3, 20, 30ನೆಯ ಸ್ಥಾನಗಳಲ್ಲಿ ಬಂದರೆನ್ನೋಣ, ಮೊತ್ತ 56. ಇನ್ನೊಂದು ಶಾಲೆಯವರು 6ರಿಂದ 10ರವರೆಗಿನ ಸ್ಥಾನಗಳಲ್ಲಿ ಬಂದರೆ ಮೊತ್ತ 40. ಮೊದಲ ಮೂರು ಸ್ಥಾನಗಳನ್ನು ಪಡೆದವರು ಸೋತರು. ಒಬ್ಬರನ್ನೊಬ್ಬರು ಬಿಡದೆ ಬಂದವರು ಗೆದ್ದರು. ಆರನೆಯ, ಏಳನೆಯ ಹುಡುಗರ ಸ್ಥಾನಗಳು ಲೆಕ್ಕಕ್ಕೆ ಸೇರದಿದ್ದರೂ ಎದುರಾಳಿಯ ಐದನೆಯವನಿಗಿಂತ ಮುಂದೆ ಬಂದು ಅವನ ಸ್ಥಾನವನ್ನು ಹಿಂದೆ ತಳ್ಳಬಲ್ಲರು.

ಈ ತತ್ತ್ವವನ್ನು ಜಗತ್ತು ಸ್ಪಷ್ಟವಾಗಿ ಕಂಡುದು 1924ರ ಜುಲೈ 12ರಂದು, ಪ್ಯಾರಿಸ್ ಒಲಿಂಪಿಕ್ಸಿನಲ್ಲಿ. ಅಲ್ಲಿ ಮೂವರ ಎಣಿಕೆ. ಬಿಸಿಲಿನ ತಾಪ ಅಸಹ್ಯವಾಗಿದ್ದಿತು. ಹೊರಟ 38 ಮಂದಿಯಲ್ಲಿ ಗುರಿ ಮುಟ್ಟಿದವರು 15 ಮಂದಿ ಮಾತ್ರ. ಫಿನ್ಲೆಂಡಿನ ಪಾವೋ ನೂರ್ಮಿ ಮೊದಲು ಬಂದನು. ಅವನ ದೇಶದವನೇ ಆದ ರಿಟೋಲ ಎರಡನೆಯವನು. ಆದರೂ ಮೂರನೆಯವನು ಬಾರದೆ ತಂಡಕ್ಕೆ ಪದಕವಿಲ್ಲ. ಆ ಮೂರನೆಯವನಾದ ಲೀಮಟೈನನ್ ಬಿಸಿಲಿಗೆ ಮತಿಗೆಟ್ಟು ಗುರಿಯ ಸಮೀಪದಲ್ಲಿಯೇ ನಿಂತುಬಿಟ್ಟನು. ಬಳಿಕ ತೂರಾಡುತ್ತ ನಡೆದು 12ನೆಯವನಾಗಿ ಗೆರೆ ದಾಟಿದನು. ನೂರ್ಮಿಯ ವೇಗವು ತಂದುಕೊಡಲಾರದಿದ್ದ ತಂಡದ ಪದಕವನ್ನು ಆ ತಡವರಿಸುವ ಹೆಜ್ಜೆಗಳು ತಂದುವು. ಅಂದಿನ ದುಃಸ್ಥಿತಿಯ ತರುವಾಯ ಈ ಓಟವನ್ನು ಒಲಿಂಪಿಕ್ಸಿನಿಂದ ಕೈಬಿಟ್ಟರು.

ಕೈಬಿಟ್ಟ ಆಟವನ್ನು ಶಾಲೆಗಳು ಕಾಪಾಡಿದುವು. ಕ್ಯಾಲಿಫೋರ್ನಿಯದ ಮ್ಯಾಕ್‌ಫಾರ್ಲೆಂಡ್ ಎಂಬುದು ಹೊಲತೋಟಗಳ ನಡುವಣ ಸಣ್ಣ ಊರು. ಅಲ್ಲಿಯ ಪ್ರೌಢಶಾಲೆಯ ಓಟಗಾರರಲ್ಲಿ ಬಹುಮಂದಿ ಮೆಕ್ಸಿಕೋ ಮೂಲದ ಕೂಲಿಕಾರರ ಮಕ್ಕಳು. ತಂದೆತಾಯಿಗಳೊಡನೆ ತಾವೂ ಹೊಲದಲ್ಲಿ ದುಡಿದು, ಬಳಿಕ ಬಾದಾಮಿಯ ತೋಪುಗಳ ನಡುವೆ ಓಡುತ್ತಿದ್ದವರು. ಜಿಮ್ ವೈಟ್ ಎಂಬ ಉಪಾಧ್ಯಾಯರು ಬೈಸಿಕಲ್ಲಿನ ಮೇಲೆ ಅವರ ಹಿಂದೆ ಹೋಗಿ ತರಬೇತು ಕೊಟ್ಟರು. 1987ರಲ್ಲಿ ಆ ಸಂಸ್ಥಾನದ ಶಾಲೆಗಳಿಗೆ ಮೊತ್ತಮೊದಲು ಏರ್ಪಟ್ಟ ಅಂತಿಮ ಪಂದ್ಯದಲ್ಲಿಯೇ ಆ ಹುಡುಗರು ತಮ್ಮ ವಿಭಾಗದ ಪ್ರಶಸ್ತಿಯನ್ನು ಗೆದ್ದರು. ಮುಂದಿನ ವರ್ಷಗಳಲ್ಲಿ ಪ್ರಶಸ್ತಿಗಳ ಸಂಖ್ಯೆ ಒಂಬತ್ತಕ್ಕೇರಿತು. ಹಣವಿಲ್ಲದ ಶಾಲೆಗೆ ಒಬ್ಬ ಅದ್ಭುತ ಓಟಗಾರನು ದೊರೆಯುವುದು ದೈವಯೋಗ. ಜೊತೆಬಿಡದ ಐವರನ್ನು ಸಿದ್ಧಗೊಳಿಸುವುದು ಮನುಷ್ಯಪ್ರಯತ್ನ.

ಆದರೆ ಎಲ್ಲರನ್ನೂ ಎಣಿಸುವ ಈ ಆಟವು ಹೆಣ್ಣುಮಕ್ಕಳನ್ನು ಬಹುಕಾಲ ಎಣಿಸಲೇ ಇಲ್ಲವೆಂಬುದನ್ನು ಮರೆಮಾಚಲಾಗದು. 1928ರ ಒಲಿಂಪಿಕ್ಸಿನಲ್ಲಿ ಸ್ತ್ರೀಯರು 800 ಮೀಟರು ಓಡಿದುದನ್ನು ನೋಡಿ, ಅಷ್ಟು ದೂರ ಅವರಿಗೆ ತಕ್ಕುದಲ್ಲವೆಂದು ನಿರ್ಣಯಿಸಿ, 1960ರವರೆಗೆ ಆ ಓಟವನ್ನು ಅವರಿಗೆ ನಿರಾಕರಿಸಲಾಯಿತು. ವಿದ್ಯಾಶಾಲೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ಶಾಸನದ ತರುವಾಯವೇ ಅಮೆರಿಕದ ಶಾಲೆಗಳಲ್ಲಿ ಬಾಲಿಕೆಯರ ತಂಡಗಳು ವಿಪುಲವಾಗಿ ಬೆಳೆದುವು.

ಶಾಲೆಯ ಆಟಗಳಲ್ಲಿ ನಮ್ಮ ಮಗುವು ಎಷ್ಟನೆಯದಾಗಿ ಬಂದಿತೆಂದು ಕೇಳುವುದು ತಂದೆತಾಯಿಗಳ ಸಹಜ ಕುತೂಹಲ. ಐದನೆಯದಾಗಿ ಬಂದೆನೆಂದು ಅದು ತಲೆತಗ್ಗಿಸಿ ನುಡಿದಾಗ, ಎಣಿಕೆಯು ಅಲ್ಲಿಗೂ ಮುಟ್ಟುವುದೆಂದು ಹೇಳಲು ಈ ಇತಿಹಾಸವು ನೆರವಾಗಲಿ.