ಹಿಮಕ್ಕೆ ಮುನ್ನ ಹೂವು: ಕೆನಡಾದ ಹಿತ್ತಿಲಿನಲ್ಲಿ ಗಾಂಜಾ ತಳಿಯ ಆಯ್ಕೆ

ಕೆನಡಾದಲ್ಲಿ 2018ರ ಅಕ್ಟೋಬರ್ 17ರಂದು ಗಾಂಜಾ ಕಾಯ್ದೆ ಜಾರಿಗೆ ಬಂದಿತು. ವಯಸ್ಕರು ಸ್ವಂತ ಬಳಕೆಗಾಗಿ ಮನೆಯೊಂದಕ್ಕೆ 4 ಗಿಡಗಳವರೆಗೆ ಬೆಳೆಸಲು ಈ ಕಾಯ್ದೆ ಅವಕಾಶ ನೀಡಿದೆ. ಮಿತಿ ಇರುವುದು ಮನೆಗೇ ಹೊರತು ಆಳಿಗಲ್ಲ ಎಂಬುದು ಗಮನಾರ್ಹ. ಕ್ವಿಬೆಕ್ ಪ್ರಾಂತ್ಯ ಮಾತ್ರ ಮನೆಯಲ್ಲಿ ಬೆಳೆಸುವುದನ್ನು ನಿಷೇಧಿಸಿದ್ದು, ಆ ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. ಭಾರತದಲ್ಲಿ ಪರವಾನಗಿಯಿಲ್ಲದೆ ಗಾಂಜಾ ಬೆಳೆಯುವುದು 1985ರ ಮಾದಕ ದ್ರವ್ಯ ಕಾಯ್ದೆಯನ್ವಯ 10 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡಕ್ಕೆ ಗುರಿಮಾಡುವ ಅಪರಾಧವೆಂಬುದನ್ನು ಓದುಗರು ಮರೆಯಬಾರದು.

ಕಾನೂನು ಅನುಮತಿಸಿದರೂ ಹವಾಮಾನ ಅಷ್ಟು ಸುಲಭವಾಗಿ ಅನುಮತಿಸುವುದಿಲ್ಲ. ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್ ನಗರದಲ್ಲಿ ಮೇ ತಿಂಗಳ ಉತ್ತರಾರ್ಧದವರೆಗೂ ನೀರು ಹೆಪ್ಪುಗಟ್ಟುವ ಚಳಿಯ ಭಯವಿರುತ್ತದೆ. ಸೆಪ್ಟೆಂಬರ್ ದ್ವಿತೀಯಾರ್ಧಕ್ಕೆ ಅದೇ ಚಳಿ ಮರಳುತ್ತದೆ. ಬೆಳೆಗಾರನಿಗೆ ದಕ್ಕುವುದು ಸುಮಾರು ನಾಲ್ಕು ತಿಂಗಳು.

ಹಗಲಿನ ಲೆಕ್ಕ

ಗಾಂಜಾ ಮೂಲತಃ ಅಲ್ಪದಿನ ಸಸ್ಯ. ರಾತ್ರಿ ದೀರ್ಘವಾಗತೊಡಗಿದಾಗ ಮಾತ್ರ ಹೂ ಬಿಡುತ್ತದೆ. ಸೇವಂತಿಗೆಯೂ ಇದೇ ಗುಣದ್ದು. ರಾತ್ರಿ ತೋಟದಲ್ಲಿ ದೀಪ ಉರಿಸಿ ಹೂವನ್ನು ಮುಂದೂಡುವ ಉಪಾಯ ನಮ್ಮ ಹೂ ಬೆಳೆಗಾರರಿಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆಯನ್ನು ಮುಟ್ಟುವುದಿಲ್ಲ. ಎಡ್ಮಂಟನ್‌ನಲ್ಲಿ ಜೂನ್‌ನ ಹಗಲು ಸುಮಾರು 17 ಗಂಟೆ. ಅದು 14 ಗಂಟೆಗೆ ಇಳಿಯುವಷ್ಟರಲ್ಲಿ ಆಗಸ್ಟ್ ಮುಗಿಯುತ್ತಾ ಬಂದಿರುತ್ತದೆ.

ದಕ್ಷಿಣ ಭಾರತವೂ ಸೇರಿದಂತೆ ಉಷ್ಣವಲಯದ ತಳಿಗಳು ಅಲ್ಲಿ ಸೋಲುವುದಕ್ಕೆ ಇದೇ ಕಾರಣ. ಅವು ಬೇಸಿಗೆಯುದ್ದಕ್ಕೂ ಸೊಂಪಾಗಿ ಎತ್ತರಕ್ಕೆ ಬೆಳೆಯುತ್ತವೆ, ನೋಡುವವರ ಕಣ್ಣು ತಣಿಸುತ್ತವೆ. ಆದರೆ ಹೂ ಮಾಗಲು ಮೂರು ತಿಂಗಳು ಬೇಡುತ್ತವೆ. ಅಷ್ಟರಲ್ಲಿ ಹಿಮ ಸುರಿದಿರುತ್ತದೆ.

ಬೀಜದ ಪೊಟ್ಟಣದ ಮೇಲಿನ ಬರಹವೂ ಅನೇಕರನ್ನು ದಾರಿ ತಪ್ಪಿಸುತ್ತದೆ. 'ಎಂಟು ವಾರ' ಎಂದು ಮುದ್ರಿಸಿದ್ದರೆ ಅದು ಬಿತ್ತನೆಯಿಂದ ಎಣಿಸಿದ ಅವಧಿಯಲ್ಲ, ಹೂ ಆರಂಭವಾದ ಮೇಲಿನದು. ಸಾಮಾನ್ಯವಾಗಿ ಅದು ಒಳಾಂಗಣದ ದೀಪದಡಿ, 12 ಗಂಟೆ ಬೆಳಕು ಮತ್ತು 12 ಗಂಟೆ ಕತ್ತಲೆಯ ಕ್ರಮದಲ್ಲಿ ಕಂಡ ಲೆಕ್ಕ. ಬಯಲಿನಲ್ಲಿ ಆಗಸ್ಟ್ 15ಕ್ಕೆ ಹೂ ಹಿಡಿದ ಗಿಡ ಎಂಟು ವಾರ ಕಳೆಯುವಾಗ ಅಕ್ಟೋಬರ್ 10 ಆಗಿರುತ್ತದೆ. ಆದುದರಿಂದ ವಾರಗಳ ಸಂಖ್ಯೆಗಿಂತ, ಯಾವ ಅಕ್ಷಾಂಶದಲ್ಲಿ ಯಾವ ತಿಂಗಳು ಕೊಯ್ಲಿಗೆ ಬರುತ್ತದೆ ಎಂದು ತಿಳಿಸುವ ತಳಿ ವಿವರಣೆಯೇ ಹೆಚ್ಚು ನಂಬಲರ್ಹ. ಬೀದಿದೀಪದ ಬೆಳಕು ನೇರವಾಗಿ ಬೀಳುವ ಹಿತ್ತಿಲಾದರೆ ಹೂವು ಇನ್ನಷ್ಟು ತಡವಾಗುವ ಸಂಭವವಿದೆ.

ರಷ್ಯಾದ ಕಳೆಗಿಡ ಕೊಟ್ಟ ವರ

ಈ ಸಂಕಟಕ್ಕೆ ಪರಿಹಾರವಾಗಿ ಬಂದದ್ದು 'ಆಟೋಫ್ಲವರ್' ತಳಿಗಳು. ರಷ್ಯಾದ ಸಸ್ಯವಿಜ್ಞಾನಿ ಯಾನಿಶೆವ್ಸ್ಕಿ 1924ರಲ್ಲಿ ರುಡೆರಾಲಿಸ್ ಎಂದು ಹೆಸರಿಸಿದ ಕುಳ್ಳ ಕಳೆಗಿಡವು ಹಗಲಿನ ಅಳತೆಗೆ ಕಾಯದೆ, ವಯಸ್ಸಿಗೆ ತಕ್ಕಂತೆ ತಾನಾಗಿ ಹೂ ಬಿಡುತ್ತದೆ. ಆ ಗುಣವನ್ನು ಬೆರೆಸಿ ರೂಪಿಸಿದ ತಳಿಗಳಲ್ಲಿ 2000ದ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಲೋರೈಡರ್ ಮೊದಲು ಹೆಸರಾಯಿತು. ಇಂದಿನ ಆಟೋಫ್ಲವರ್ ತಳಿಗಳು ಬಿತ್ತಿದ 70ರಿಂದ 100 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಮೇ ಕೊನೆಯಲ್ಲಿ ಬಿತ್ತಿದರೂ ಚಳಿಗೆ ಮುನ್ನ ಕೆಲಸ ಮುಗಿಯುತ್ತದೆ.

ಅನುಕೂಲದ ಜೊತೆಗೆ ತೊಡಕೂ ಇದೆ. ಇವುಗಳ ಗಡಿಯಾರ ನಿಲ್ಲುವುದಿಲ್ಲ. ಎಳೆಯದರಲ್ಲಿ ಬೇರಿಗೆ ಪೆಟ್ಟಾದರೆ ಅಥವಾ ಚಳಿಯಿಂದ ಬೆಳವಣಿಗೆ ಕುಂಠಿತವಾದರೆ ಗಿಡ ಕುಳ್ಳಾಗಿಯೇ ಹೂ ಬಿಟ್ಟು ಮುಗಿಸುತ್ತದೆ. ಸಸಿ ಕೀಳದೆ ಕೊನೆಯ ಕುಂಡದಲ್ಲೇ ಬೀಜ ಊರುವುದು ಲೇಸು. ಇಳುವರಿಯೂ ಕಡಿಮೆ. ಗಿಡಗಳ ಸಂಖ್ಯೆಗೆ ಕಾನೂನಿನ ಮಿತಿ ಇರುವಲ್ಲಿ ಇದು ಸಣ್ಣ ಮಾತಲ್ಲ. ಆಟೋಫ್ಲವರ್ ಗುಣ ಸುಪ್ತ ಲಕ್ಷಣವಾದ್ದರಿಂದ ಸಾಮಾನ್ಯ ತಳಿಯೊಡನೆ ಸಂಕರಿಸಿದ ಮೊದಲ ಪೀಳಿಗೆಯಲ್ಲಿ ಪೂರ್ಣವಾಗಿ ಪ್ರಕಟವಾಗುವುದಿಲ್ಲ. ಆದರೂ ಆ ಪೀಳಿಗೆ ಒಂದೆರಡು ವಾರ ಬೇಗ ಮಾಗುತ್ತದೆ. 'ಫಾಸ್ಟ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಬೀಜಗಳಲ್ಲಿ ಹೆಚ್ಚಿನವು ಇಂಥವೇ.

ಚಳಿಯೋ, ತೇವವೋ?

'ಅಲ್ಪಾವಧಿ' ಎಂದರೆ ಎಲ್ಲೆಡೆ ಒಂದೇ ಅರ್ಥವಲ್ಲ. ಒಣಹವೆಯ ಹುಲ್ಲುಗಾವಲು ಪ್ರಾಂತ್ಯಗಳಲ್ಲಿ ವೈರಿ ಚಳಿ. ಬ್ರಿಟಿಷ್ ಕೊಲಂಬಿಯಾದ ಕರಾವಳಿಯಲ್ಲಿ ಚಳಿ ತಡವಾದರೂ ಶರತ್ಕಾಲದ ಮಳೆ ಬಿಡುವುದಿಲ್ಲ. ದ್ರಾಕ್ಷಿ ಗೊಂಚಲನ್ನೂ ಕೊಳೆಸುವ ಬಾಟ್ರೈಟಿಸ್ ಎಂಬ ಬೂದುಬಣ್ಣದ ಬೂಷ್ಟು ಅಲ್ಲಿ ದಟ್ಟ ಹೂಗೊಂಚಲಿನ ಒಡಲಿನಿಂದಲೇ ಹಬ್ಬುತ್ತದೆ. ಹೊರಗೆ ಕಾಣುವ ವೇಳೆಗೆ ಒಳಗೆಲ್ಲ ಕೊಳೆತಿರುತ್ತದೆ. ಅಂಥ ಕಡೆ ಭಾರೀ ಇಳುವರಿಯ ಆಸೆ ಬಿಟ್ಟು, ಗಾಳಿಯಾಡುವಂತೆ ಬಿಡಿಬಿಡಿಯಾಗಿ ಹೂ ಕಟ್ಟುವ ತಳಿಯನ್ನು ಆರಿಸುವುದೇ ಜಾಣತನ. ಬೂಷ್ಟು ಹಿಡಿದ ಹೂವು ಬಳಕೆಗೆ ಯೋಗ್ಯವಲ್ಲ.

ಗಂಡು, ಹೆಣ್ಣು ಗಿಡಗಳು ಬೇರೆಬೇರೆಯಾಗಿರುವ ಕಾರಣ, ನಾಲ್ಕೇ ಗಿಡ ಬೆಳೆಸುವವರು ಹೆಣ್ಣು ಗಿಡವನ್ನೇ ಕೊಡುವಂತೆ ಸಿದ್ಧಪಡಿಸಿದ 'ಫೆಮಿನೈಸ್ಡ್' ಬೀಜ ಕೊಳ್ಳುವುದು ರೂಢಿ.

ಹೊಲದಲ್ಲಿಯೂ ಅದೇ ಪಾಠ

ಮತ್ತು ಬಾರದ ಕೈಗಾರಿಕಾ ಸೆಣಬು, ಅಂದರೆ ಹೆಂಪ್ ಬೆಳೆಯನ್ನು ಕೆನಡಾ 1998ರಲ್ಲಿಯೇ ಮುಕ್ತಗೊಳಿಸಿತ್ತು. ಅದರಲ್ಲಿ ಟಿಎಚ್‌ಸಿ ಅಂಶ ಶೇ 0.3ನ್ನು ಮೀರುವಂತಿಲ್ಲ. ಅಲ್ಲಿನ ಹೊಲಗಳಿಗೆ ಬಂದ ಫಿನೋಲಾ ತಳಿ ಹುಟ್ಟಿದ್ದು ಇನ್ನೂ ಉತ್ತರದ ಫಿನ್ಲೆಂಡ್‌ನಲ್ಲಿ. ಸೇಂಟ್ ಪೀಟರ್ಸ್‌ಬರ್ಗ್‌ನ ವಾವಿಲೋವ್ ಸಂಸ್ಥೆಯ ಬೀಜಸಂಗ್ರಹದಿಂದ ತಂದ ಬೀಜಗಳಿಂದ ಕ್ಯಾಲವೇ ಮತ್ತು ಹೆಮ್ಮಿಲಾ ಇದನ್ನು 1990ರ ದಶಕದಲ್ಲಿ ಅಭಿವೃದ್ಧಿಪಡಿಸಿದರು. ಕುಳ್ಳಗೆ ಬೆಳೆದು ಬೇಗ ಕಾಳು ಕಟ್ಟುವ ಈ ತಳಿಯನ್ನು ಧಾನ್ಯ ಕೊಯ್ಯುವ ಯಂತ್ರದಿಂದಲೇ ಕಟಾವು ಮಾಡಬಹುದಾಗಿದೆ.