ಆನೆಮಲೆಯ ಪಾಠ: ಕೊಯಮತ್ತೂರು ಸೀಮೆಯ ಅರಣ್ಯವಿದ್ಯೆಯ ಇತಿಹಾಸ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರಾದ ನಾವು ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತಮಿಳನ್ನೂ ಆಡುವವರು. ಮರದ ಅಡಿತಿಗೆ ಹೋದಾಗ ಈ ಎರಡು ನುಡಿಗಳ ನಂಟು ಚೆನ್ನಾಗಿ ಮನದಟ್ಟಾಗುತ್ತದೆ. ನಮ್ಮ ತೇಗ ಅಲ್ಲಿ ತೇಕ್ಕು, ಬೀಟೆ ಈಟ್ಟಿ, ಹೊನ್ನೆ ವೇಂಗೈ, ಮತ್ತಿ ಕರುಮರುದು. ಹೆಸರು ಎರಡಾದರೂ ಮರ ಒಂದೇ. ನಮ್ಮ ನೇಕಾರರ ಮಗ್ಗ, ಒಕ್ಕಲಿಗರ ನೇಗಿಲು, ಹಳೆಯ ಮನೆಗಳ ತೊಲೆ ಬಾಗಿಲುಗಳು ಎಲ್ಲವೂ ಈ ಸೀಮೆಯ ಮಲೆಗಳು ಕೊಟ್ಟ ಕಾಣಿಕೆ. ಆ ಕಾಣಿಕೆ ಯಾವ ಬೆಲೆಗೆ ದೊರೆಯಿತು, ಅದನ್ನು ಉಳಿಸಿಕೊಳ್ಳುವ ವಿದ್ಯೆಯನ್ನು ಇಲ್ಲಿಯ ಜನ ಹೇಗೆ ಕಲಿತರು ಎಂಬುದನ್ನು ಸಂಘದ ಈ ವಾರ್ಷಿಕ ಸಂಚಿಕೆಯಲ್ಲಿ ವಾಚಕರೊಡನೆ ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ಈ ಸೀಮೆ ಕನ್ನಡ ನಾಡಿಗೆ ಹೊರಗಿನದೇನೂ ಅಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೂ ಕೊಯಮತ್ತೂರು ಮೈಸೂರಿನ ಆಳ್ವಿಕೆಗೆ ಸೇರಿತ್ತು. ಅನಂತರ ಕಂಪನಿ ಸರ್ಕಾರದ ಕೈಸೇರಿತು. ಮಾದೇಶ್ವರನ ಬೆಟ್ಟವನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕಂತೂ ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವೇ ಆಗಿತ್ತು. ೨೦೦೯ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾಯಿತು. ಗಡಿಗಳು ಹೀಗೆ ಹಲವು ಬಾರಿ ಸರಿದುವು. ಆನೆಗಳ ಹಾದಿ ಮಾತ್ರ ಯಾವ ಗಡಿಯನ್ನೂ ಲೆಕ್ಕಿಸದೆ ಮಲೆಯಿಂದ ಮಲೆಗೆ ಸಾಗುತ್ತಲೇ ಇದೆ.

ಪೊಳ್ಳಾಚಿಯ ದಕ್ಷಿಣಕ್ಕೆ ಗೋಡೆಯಂತೆ ಎದ್ದು ನಿಂತಿರುವುದೇ ಆನೆಮಲೆ. ಇಲ್ಲಿಯ ತೇಗದ ಕೀರ್ತಿ ಮುಂಬಯಿಯ ಹಡಗುಕಟ್ಟೆಯವರೆಗೆ ಹಬ್ಬಿತ್ತು. ಹಡಗು ಕಟ್ಟಲು ಬೇಕಾದ ದೊಡ್ಡ ದಿಮ್ಮಿಗಳು ಮಲಬಾರಿನಲ್ಲಿ ವಿರಳವಾಗುತ್ತ ಬಂದಂತೆ ಸರ್ಕಾರದ ದೃಷ್ಟಿ ಈ ಮಲೆಯತ್ತ ತಿರುಗಿತು. ೧೮೪೮ರಲ್ಲಿ ಮೈಕೇಲ್ ಎಂಬ ಸೇನಾಧಿಕಾರಿ ಇಲ್ಲಿಯ ಕಾಡಿನ ಕೆಲಸಕ್ಕೆ ನೇಮಕಗೊಂಡನು. ಆನೆಗಳು ದಿಮ್ಮಿಗಳನ್ನು ಬೆಟ್ಟದ ಅಂಚಿಗೆ ಎಳೆದು ತರುವುವು. ಅಲ್ಲಿಂದ ಅವನ್ನು ಇಳಿಜಾರಿನಲ್ಲಿ ಕೆಳಕ್ಕೆ ಜಾರಿಸುವರು. ಆ ಎತ್ತರದ ತಾಣಕ್ಕೆ ಟಾಪ್ ಸ್ಲಿಪ್ ಎಂಬ ಹೆಸರು ಬಂದುದು ಹೀಗೆ. ಇಂದು ಅಲ್ಲಿಗೆ ವಿಹಾರಕ್ಕೆ ಹೋಗುವ ನಮ್ಮ ಮಕ್ಕಳಿಗೆ ಆ ಹೆಸರು ಕೊಡಲಿಯ ನೆನಪೆಂಬುದನ್ನು ಹೇಳುವವರು ಕಡಿಮೆ.

ಕಡಿಯುವ ವೇಗಕ್ಕೆ ಬೆಳೆಯುವ ವೇಗ ಸಾಟಿಯಾಗದೆಂಬುದನ್ನು ಮೊದಲೇ ಮನಗಂಡವರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಒಬ್ಬ. ಈತನು ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ವೈದ್ಯನಾಗಿದ್ದವನು. ಮಲೆನಾಡಿನ ಕಾಡುಗಳನ್ನು ಕಂಡು ಸಸ್ಯಶಾಸ್ತ್ರಕ್ಕೆ ಒಲಿದವನು. ಉಷ್ಣವಲಯದ ಕಾಡುಗಳ ನಾಶವನ್ನು ಕುರಿತು ೧೮೫೧ರಲ್ಲಿ ಬ್ರಿಟನ್ನಿನ ವಿದ್ವತ್ಸಭೆಯೊಂದಕ್ಕೆ ವರದಿ ಒಪ್ಪಿಸಿದವರಲ್ಲಿ ಈತನೂ ಇದ್ದನು. ೧೮೫೬ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಕನಾಗಿ, ೧೮೫೮ರಲ್ಲಿ ಆನೆಮಲೆಯ ಶಿಖರಗಳನ್ನು ಹತ್ತಿ ಅಲ್ಲಿಯ ಸಸ್ಯಸಂಪತ್ತನ್ನು ವರ್ಣಿಸಿದನು. ಆ ಹೊತ್ತಿಗೆ ರೈಲುಹಾದಿ ಈ ಸೀಮೆಯನ್ನು ಸಮೀಪಿಸುತ್ತಿತ್ತು. ಒಂದು ಮೈಲಿ ಹಳಿಯ ಕೆಳಗೆ ಸಾವಿರಕ್ಕೂ ಹೆಚ್ಚು ಅಡ್ಡಪಟ್ಟಿಗಳು ಬೇಕು; ಮಳೆಗೂ ಗೆದ್ದಲಿಗೂ ಸಿಕ್ಕ ಪಟ್ಟಿಗಳನ್ನು ಕೆಲವೇ ವರ್ಷಗಳಲ್ಲಿ ಬದಲಿಸಬೇಕು; ಎಂಜಿನ್ನಿನ ಒಲೆಗೂ ಸೌದೆಯೇ ಬೇಕು. ಒಂದು ಕೈಯಿಂದ ಕಾಡನ್ನು ಕಾಯುವುದು, ಇನ್ನೊಂದು ಕೈಯಿಂದ ರೈಲಿಗೆ ಒಪ್ಪಿಸುವುದು, ಇದೇ ಆ ಇಲಾಖೆಯ ಮೊದಲ ಸಂಕಟವಾಯಿತು. ೧೮೮೨ರ ಮದರಾಸು ಅರಣ್ಯ ಶಾಸನ ಜಾರಿಗೆ ಬಂದು ಮೀಸಲು ಕಾಡುಗಳು ಏರ್ಪಟ್ಟುವು.

ಆದರೆ ಶಾಸನದಿಂದ ಮರ ಬೆಳೆಯದು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಆನೆಮಲೆಗೆ ಬಂದ ಹ್ಯೂಗೋ ವುಡ್ ಎಂಬ ಅರಣ್ಯಾಧಿಕಾರಿಯ ಹೆಸರು ಈ ಕಾರಣದಿಂದ ಸ್ಮರಣೀಯವಾಗಿದೆ. ತೇಗವನ್ನು ಬೇರುಸಹಿತ ಕೀಳದೆ ನೆಲಮಟ್ಟಕ್ಕೆ ಕಡಿದರೆ ಮೋಟಿನಿಂದ ಹೊಸ ಚಿಗುರು ಒಡೆಯುತ್ತದೆ. ಅದರಲ್ಲಿ ಬಲವಾದುದನ್ನು ಉಳಿಸಿದರೆ ಹಳೆಯ ಬೇರಿನ ಸಾರವನ್ನುಂಡು ಬೇಗ ಬೆಳೆಯುತ್ತದೆ. ಈ ಕ್ರಮವನ್ನು ಆತನು ನೆಲೆಗೊಳಿಸಿ, ಬರಿದಾದ ಎಡೆಗಳಲ್ಲಿ ತೇಗವನ್ನು ನೆಡಿಸಿದನು. ನಡೆಯುವಾಗ ಜೇಬಿನ ತುಂಬ ಬೀಜವಿಟ್ಟುಕೊಂಡು, ಊರುಗೋಲಿನಿಂದ ನೆಲದಲ್ಲಿ ಕುಳಿ ಮಾಡಿ ಬೀಜ ಹಾಕುತ್ತ ಸಾಗುತ್ತಿದ್ದನೆಂದು ಆ ಮಲೆಯಲ್ಲಿ ಇಂದಿಗೂ ಹೇಳಿಕೆಯುಂಟು. ೧೯೩೩ರಲ್ಲಿ ತೀರಿಕೊಂಡ ಆತನ ಸಮಾಧಿ ಟಾಪ್ ಸ್ಲಿಪ್ಪಿನ ಬಳಿ ತೇಗದ ಮರಗಳ ನಡುವೆಯೇ ಇದೆ. ತನ್ನ ಸ್ಮಾರಕವನ್ನು ಕಾಣಬಯಸುವವರು ಸುತ್ತಲೂ ನೋಡಲಿ ಎಂಬರ್ಥದ ಲ್ಯಾಟಿನ್ ಮಾತು ಅಲ್ಲಿ ಕೆತ್ತಲ್ಪಟ್ಟಿದೆ.

ಇಂತಹ ಅನುಭವವನ್ನು ಮುಂದಿನವರಿಗೆ ಕಲಿಸುವ ಏರ್ಪಾಡೂ ಕೊಯಮತ್ತೂರಿನಲ್ಲಿಯೇ ಆಯಿತು. ೧೯೦೨ರಲ್ಲಿ ಅರಣ್ಯ ಸಂರಕ್ಷಕ ಎಚ್. ಎ. ಗ್ಯಾಸ್ ಅವರ ಪ್ರಯತ್ನದಿಂದ ಅರಣ್ಯ ವಸ್ತುಸಂಗ್ರಹಾಲಯವೊಂದು ತೆರೆಯಿತು. ಅದು ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ೧೯೧೨ರಲ್ಲಿ ಮದರಾಸು ಅರಣ್ಯ ಕಾಲೇಜು ಆರಂಭವಾಯಿತು. ೧೯೮೮ರಲ್ಲಿ ಅರಣ್ಯ ತಳಿಶಾಸ್ತ್ರ ಮತ್ತು ವೃಕ್ಷಾಭಿವೃದ್ಧಿ ಸಂಸ್ಥೆ ಇದೇ ಊರಿನಲ್ಲಿ ಸ್ಥಾಪಿತವಾಯಿತು. ಮರದ ಅಡ್ಡಕೊಯ್ತವೊಂದನ್ನು ಕಣ್ಣೆದುರು ಇಟ್ಟುಕೊಂಡರೆ ಎಷ್ಟು ಪಾಠಗಳು! ತೇಗದ ಒಂದೊಂದು ಬಳೆಯೂ ಒಂದೊಂದು ವರ್ಷದ ಲೆಕ್ಕ. ಮಳೆ ಚೆನ್ನಾದ ವರ್ಷ ಬಳೆ ಅಗಲ, ಬರದ ವರ್ಷ ಕಿರಿದು. ಹೊರಗಿನ ಬಿಳಿಯ ಭಾಗ ಗೆದ್ದಲಿಗೆ ತುತ್ತು. ಒಳಗಿನ ಕಂದು ಚೇಗು ತಲೆಮಾರುಗಳ ಕಾಲ ಬಾಳುವಂಥದು. ಒಂದು ಬಾಗಿಲಿಗೆ ಸಾಲುವಷ್ಟು ಚೇಗು ಕಟ್ಟಲು ಮನುಷ್ಯನ ಆಯುಷ್ಯದಷ್ಟೇ ಕಾಲ ಬೇಕೆಂದು ಬಳೆ ಎಣಿಸಿದ ಬಾಲಕ ಮರದ ಬೆಲೆಯನ್ನು ಎಂದಿಗೂ ಮರೆಯಲಾರ.

ಇಷ್ಟಾದರೂ ಈ ವಿದ್ಯೆಯಲ್ಲಿ ಒಂದು ಕೊರತೆ ಉಳಿಯಿತೆಂದು ಹೇಳದಿದ್ದರೆ ಇತಿಹಾಸಕ್ಕೆ ಅಪಚಾರವಾದೀತು. ಕಾಲೇಜು ಅಧಿಕಾರಿಗಳನ್ನು ಸಿದ್ಧಪಡಿಸಿತು. ಮಲೆಯಲ್ಲಿಯೇ ಹುಟ್ಟಿ ಬೆಳೆದ ಕಾಡರು, ಮಲಸರು, ಮುದುವರು, ಪುಲಯರು, ಇರುಳರು ಆ ವಿದ್ಯೆಗೆ ದಾರಿ ತೋರುವವರೂ ಕೂಲಿಗಳೂ ಆದರೇ ಹೊರತು ಗುರುಗಳೆನಿಸಲಿಲ್ಲ. ಗೆಡ್ಡೆ ಅಗೆದ ಮೇಲೆ ಬಳ್ಳಿಯ ತಲೆಯನ್ನು ಮರಳಿ ಮಣ್ಣಿಗಿಡುವ ಕಾಡರ ರೂಢಿಗೂ, ಮೋಟನ್ನು ಉಳಿಸಿ ಮರ ಕಡಿಯುವ ವುಡ್ ಅವರ ಕ್ರಮಕ್ಕೂ ತತ್ತ್ವದಲ್ಲಿ ಭೇದವೇನಿದೆ? ಎರಡರ ಸಾರವೂ ಬಡ್ಡಿಯನ್ನು ಉಂಡು ಅಸಲನ್ನು ಉಳಿಸು ಎಂಬುದೇ. ತೇಗವೊಂದನ್ನೇ ಸಾಲುಸಾಲಾಗಿ ಬೆಳೆದೆಡೆ ಹಲವು ಮರಗಳನ್ನು ನಂಬಿದ ಜೀವಿಗಳಿಗೆ ಮೇವು ಕುಗ್ಗಿತೆಂಬುದನ್ನೂ ಕಾಲಕ್ರಮದಲ್ಲಿ ತಿಳಿಯಬೇಕಾಯಿತು. ಕಾಡಿನ ನಿವಾಸಿಗಳ ಹಕ್ಕನ್ನು ಶಾಸನ ಸ್ಪಷ್ಟವಾಗಿ ಒಪ್ಪಿದ್ದು ೨೦೦೬ರಷ್ಟು ತಡವಾಗಿ.

ಕಾಡು ಕೊಡುವುದು ಮರವನ್ನಷ್ಟೇ ಎಂಬ ಎಣಿಕೆಯೂ ಈ ನಡುವೆ ಕಳಚಿಬಿದ್ದಿದೆ. ವೆಳ್ಳಿಯಂಗಿರಿಯ ತಪ್ಪಲಿನಲ್ಲಿ ಹುಟ್ಟುವ ನೊಯ್ಯಲ್ ನದಿ ಕೊಯಮತ್ತೂರು ತಿರುಪ್ಪೂರುಗಳನ್ನು ಹಾದು ಕಾವೇರಿಯನ್ನು ಸೇರುತ್ತದೆ. ಕೊಯಮತ್ತೂರಿನ ಜನ ಕುಡಿಯುವ ಶಿರುವಾಣಿಯ ನೀರು ಮಲೆಯ ಕಾಡು ಸೋಸಿ ಕೊಟ್ಟದ್ದು. ಉಡುಮಲೆಯ ಕಡೆಯ ಗದ್ದೆಗಳಿಗೆ ನೀರುಣಿಸುವ ಅಮರಾವತಿಯೂ ಅಂತಹ ಮಲೆಯ ಮಗಳೇ. ಅದೇ ನೊಯ್ಯಲ್ ತಿರುಪ್ಪೂರಿನಲ್ಲಿ ಬಟ್ಟೆಯ ಬಣ್ಣವನ್ನು ಹೊತ್ತು ಹರಿಯುವಂತಾಗಿ, ೨೦೧೧ರಲ್ಲಿ ಬಣ್ಣದ ಘಟಕಗಳನ್ನು ಮುಚ್ಚುವಂತೆ ಉಚ್ಚ ನ್ಯಾಯಾಲಯವೇ ಆಜ್ಞಾಪಿಸಬೇಕಾಯಿತು. ನೆರೆಯ ನೀಲಗಿರಿಯ ಗೂಡಲೂರಿನ ಮರಗಳ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೬ರ ಡಿಸೆಂಬರ್ ೧೨ರಂದು, ಒಪ್ಪಿಗೆ ಪಡೆದ ಯೋಜನೆಯಿಲ್ಲದೆ ದೇಶದ ಯಾವ ಕಾಡಿನಲ್ಲಿಯೂ ಮರ ಕಡಿಯಕೂಡದೆಂದು ವಿಧಿಸಿತು. ತಾವಾಗಿ ಕಲಿಯದ ಪಾಠವನ್ನು ನ್ಯಾಯಪೀಠದಿಂದ ಕಲಿಯಬೇಕಾಗಿ ಬರುವುದು ಯಾವ ಸಮಾಜಕ್ಕೂ ಭೂಷಣವಲ್ಲ.

ಆದುದರಿಂದ ಈ ವಿದ್ಯೆ ಕಾಲೇಜಿನ ಆವರಣವನ್ನು ದಾಟಿ ನಮ್ಮ ಮನೆಯಂಗಳಕ್ಕೆ ಬರಬೇಕಾಗಿದೆ. ಹಳೆಯ ಮನೆಯನ್ನು ಕೆಡವುವಾಗ ಅದರ ತೊಲೆ ಬಾಗಿಲುಗಳನ್ನು ಸೌದೆಗೆ ಹಾಕದೆ ಹೊಸ ಮನೆಗೆ ಬಳಸುವುದು. ಹಸಿಮರವನ್ನು ಕೊಯ್ಯಿಸಿ ಸೊಟ್ಟಗಾದ ಮೇಲೆ ಎಸೆಯುವುದಕ್ಕೆ ಬದಲಾಗಿ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ಉಪಯೋಗಿಸುವುದು. ಬೇವು ಹಲಸುಗಳು ಸಾಲುವ ಕೆಲಸಕ್ಕೆ ಬೀಟೆಯನ್ನು ಬಯಸದಿರುವುದು. ಕೊಳ್ಳುವ ಮರ ಎಲ್ಲಿಂದ ಬಂದಿತೆಂದು ವ್ಯಾಪಾರಿಯನ್ನು ಕೇಳುವುದು. ಹೊಲದ ಬದುವಿನಲ್ಲಿ ಮಕ್ಕಳ ಕೈಯಿಂದ ಒಂದೆರಡು ಸಸಿ ನೆಡಿಸುವುದು. ಇವು ಸಣ್ಣ ಕೆಲಸಗಳು. ಆದರೆ ಸಾವಿರ ಮನೆಗಳು ಮಾಡಿದರೆ ಸಣ್ಣವಾಗಿ ಉಳಿಯವು.

ನಾವು ನಮ್ಮ ಮಕ್ಕಳಿಗೆ ಕನ್ನಡವನ್ನು ಕಲಿಸಲು ಶ್ರಮಿಸುತ್ತಿದ್ದೇವೆ. ತೇಗ, ಬೀಟೆ, ಹೊನ್ನೆ, ಮತ್ತಿ ಎಂಬ ಮಾತುಗಳನ್ನು ಅವರು ಪುಸ್ತಕದಲ್ಲಿ ಓದಿದರೂ ಆ ಮರಗಳನ್ನು ನಿಂತಂತೆ ಕಾಣದೆ ಹೋದರೆ ಆ ಮಾತುಗಳು ಬರಿಯ ಸದ್ದಾಗಿ ಉಳಿದಾವು. ಬರುವ ವರ್ಷ ಸಂಘದ ಮಕ್ಕಳನ್ನು ಒಮ್ಮೆ ಗ್ಯಾಸ್ ಸಂಗ್ರಹಾಲಯಕ್ಕೂ, ಸಾಧ್ಯವಾದರೆ ಆನೆಮಲೆಗೂ ಕರೆದೊಯ್ಯೋಣ. ಮರದ ಹೆಸರನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಅವರು ಕೂಗಿ ಹೇಳಲಿ. ನುಡಿಯನ್ನೂ ಕಾಡನ್ನೂ ನಾವು ಹಿರಿಯರಿಂದ ಪಡೆದುದು ಬಳಸುವುದಕ್ಕಾಗಿ, ಬಳಸಿ ಕಿರಿಯರಿಗೆ ಉಳಿಸುವುದಕ್ಕಾಗಿ.